ಕೃತಕ ಗ್ರಹಣವನ್ನು ನಿರ್ಮಿಸಿದ ಬರ್ನಾರ್ ಲಿಯೋ

ಪೂರ್ಣ ಸೂರ್ಯಗ್ರಹಣದ ಸಮಯದಲ್ಲಿ ಚಂದ್ರಬಿಂಬವು ಸೂರ್ಯನನ್ನು ಮರೆಮಾಡಿದಾಗ, ಆ ಕಪ್ಪು ಬಿಂಬದ ಸುತ್ತಲೂ ಮುತ್ತಿನ ಬಣ್ಣದ ಸೌಮ್ಯವಾದ ಬೆಳಕೊಂದು ಹರಡಿಕೊಂಡಿರುವುದು ಕಾಣುತ್ತದೆ. ಇದು ಸೂರ್ಯನ ಹೊರ ವಾತಾವರಣ. ಇದನ್ನು ಕರೋನಾ ಎಂದು ಕರೆಯುತ್ತಾರೆ. ಗ್ರಹಣವಿಲ್ಲದ ದಿನಗಳಲ್ಲಿಯೂ ಅದು ಅಲ್ಲಿಯೇ ಇರುತ್ತದೆ. ಆದರೆ ಅದರ ಕಾಂತಿ ಸೂರ್ಯಬಿಂಬದ ಕಾಂತಿಯ ಸುಮಾರು ಹತ್ತು ಲಕ್ಷದಲ್ಲೊಂದು ಪಾಲು ಮಾತ್ರವಾದುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೋಡಲೆಂದು ಖಗೋಳ ವಿಜ್ಞಾನಿಗಳು ಗ್ರಹಣಗಳನ್ನು ಅರಸಿಕೊಂಡು ಕಡಲುಗಳನ್ನು ದಾಟಿ ಹೋಗುತ್ತಿದ್ದರು. ಪೂರ್ಣಗ್ರಹಣದ ಅವಧಿ ಹೆಚ್ಚೆಂದರೆ ಏಳೂವರೆ ನಿಮಿಷ. ಆ ಹೊತ್ತಿಗೆ ಮೋಡ ಮುಸುಕಿದರೆ ವರ್ಷಗಳ ಸಿದ್ಧತೆಯೆಲ್ಲ ವ್ಯರ್ಥ! ಇಂಗ್ಲೆಂಡಿನ ವಿಲಿಯಂ ಹಗ್ಗಿನ್ಸ್, ಅಮೆರಿಕದ ಜಾರ್ಜ್ ಹೇಲ್ ಮೊದಲಾದ ಹಿರಿಯರು ಗ್ರಹಣದ ನೆರವಿಲ್ಲದೆ ಕರೋನಾವನ್ನು ಕಾಣಲು ಪ್ರಯತ್ನಿಸಿ ಸೋತಿದ್ದರು. ಇದು ಆಗದ ಕೆಲಸವೆಂದೇ ಬಹುಮಂದಿ ನಂಬಿದ್ದರು. ಅದನ್ನು ಸಾಧಿಸಿದವರು ಫ್ರಾನ್ಸ್ ದೇಶದ ಬರ್ನಾರ್ ಲಿಯೋ.

ಲಿಯೋ ಅವರು 1897ರ ಫೆಬ್ರವರಿ 27ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಶಸ್ತ್ರವೈದ್ಯರು, ಮಗ ಚಿಕ್ಕವನಾಗಿದ್ದಾಗಲೇ ಅವರು ತೀರಿಕೊಂಡರು. ಲಿಯೋ ವಿದ್ಯುತ್ ಎಂಜಿನಿಯರಿಂಗ್ ವ್ಯಾಸಂಗ ಮಾಡಿ, 1920ರಲ್ಲಿ ಪ್ಯಾರಿಸ್ಸಿನ ಸಮೀಪದ ಮ್ಯೂಡಾನ್ ವೀಕ್ಷಣಾಲಯವನ್ನು ಸೇರಿದರು. ಗ್ರಹಗಳಿಂದ ಪ್ರತಿಫಲಿಸಿ ಬರುವ ಬೆಳಕಿನ ಧ್ರುವೀಕರಣವನ್ನು ಅಳೆಯುವುದು ಅವರ ಮೊದಲ ಸಂಶೋಧನೆಯಾಗಿತ್ತು. ಇದಕ್ಕಾಗಿ ಅತ್ಯಂತ ಸೂಕ್ಷ್ಮವಾದ ಉಪಕರಣವೊಂದನ್ನು ತಾವೇ ರಚಿಸಿಕೊಂಡರು. ಚಂದ್ರನ ಬೆಳಕನ್ನು ಭೂಮಿಯ ಬಗೆಬಗೆಯ ವಸ್ತುಗಳಿಂದ ಪ್ರತಿಫಲಿಸಿದ ಬೆಳಕಿನೊಡನೆ ಹೋಲಿಸಿ, ಚಂದ್ರನ ಮೇಲ್ಮೈಯನ್ನು ಜ್ವಾಲಾಮುಖಿಯ ಬೂದಿಯಂತಹ ನುಣ್ಣನೆಯ ಪುಡಿ ಆವರಿಸಿರಬೇಕೆಂದು ತೀರ್ಮಾನಿಸಿದರು. ನಲವತ್ತು ವರ್ಷಗಳ ತರುವಾಯ, 1969ರಲ್ಲಿ, ಚಂದ್ರನ ಮೇಲೆ ಇಳಿದ ಮಾನವನ ಹೆಜ್ಜೆ ಅಂತಹ ನುಣ್ಣನೆಯ ಧೂಳಿನಲ್ಲಿಯೇ ಮೂಡಿತು.

ಬಳಿಕ ಲಿಯೋ ಅವರ ಮನಸ್ಸು ಕರೋನಾದತ್ತ ಹರಿಯಿತು. ಹಿಂದಿನವರು ತಮ್ಮ ಸೋಲಿಗೆ ಮುಖ್ಯವಾಗಿ ಆಕಾಶವನ್ನೇ ಕಾರಣವೆಂದು ಬಗೆದಿದ್ದರು. ಗಾಳಿಯಲ್ಲಿ ಚದರಿದ ಬೆಳಕು ಕರೋನಾವನ್ನು ನುಂಗಿಬಿಡುತ್ತದೆ ಎಂಬುದು ಸುಳ್ಳಲ್ಲ. ಆದರೆ ಎತ್ತರದ ಪರ್ವತಗಳ ಮೇಲೆಯೂ ಯಾರೂ ಗೆದ್ದಿರಲಿಲ್ಲವಲ್ಲ! ಲಿಯೋ ದೋಷವನ್ನು ದೂರದರ್ಶಕದ ಒಳಗೇ ಹುಡುಕಿದರು. ರಾತ್ರಿಯ ವೇಳೆ ಎದುರಿನಿಂದ ಲಾರಿಯೊಂದು ದೀಪ ಹಾಕಿಕೊಂಡು ಬಂದರೆ ಅದರ ಪಕ್ಕದಲ್ಲಿ ನಡೆಯುವ ಮನುಷ್ಯನು ನಮಗೆ ಕಾಣುವುದಿಲ್ಲ. ನಮ್ಮ ಕನ್ನಡಕದ ಗಾಜಿನ ಮೇಲೆ ಧೂಳಿದ್ದರಂತೂ ಕಣ್ಣಮುಂದೆಲ್ಲ ಬೆಳಕೇ ಬೆಳಕು. ದೂರದರ್ಶಕದ ಸ್ಥಿತಿಯೂ ಇದೇ. ಮಸೂರದ ಗಾಜಿನೊಳಗಿನ ಗುಳ್ಳೆ, ಮೇಲಿನ ಗೀರು, ಕುಳಿತ ಧೂಳಿನ ಕಣ, ಇವೆಲ್ಲವೂ ಸೂರ್ಯನ ಬೆಳಕನ್ನು ಚದರಿಸುತ್ತವೆ. ಇದಲ್ಲದೆ ಮಸೂರದ ಅಂಚಿನಲ್ಲಿ ಬೆಳಕು ಬಾಗಿ ಒಳಕ್ಕೆ ಹರಡುತ್ತದೆ. ಇದನ್ನು ವಿವರ್ತನೆ ಎನ್ನುತ್ತಾರೆ.

ಈ ಶತ್ರುಗಳನ್ನು ಲಿಯೋ ಒಂದೊಂದಾಗಿ ಗೆದ್ದರು. ಹಲವು ಗಾಜುಗಳನ್ನು ಜೋಡಿಸಿದ ಮಸೂರದ ಬದಲು ದೋಷರಹಿತವಾದ ಒಂದೇ ಗಾಜನ್ನು ಆರಿಸಿ, ಅದಕ್ಕೆ ಅತಿ ನಯವಾದ ಹೊಳಪು ಕೊಡಿಸಿದರು. ಸೂರ್ಯನ ಬಿಂಬ ಮೂಡುವ ಸ್ಥಳದಲ್ಲಿ, ಬಿಂಬಕ್ಕಿಂತ ತುಸು ದೊಡ್ಡದಾದ ತಟ್ಟೆಯೊಂದನ್ನು ಇಟ್ಟರು. ಇದೇ ಅವರ ಚಂದ್ರ! ಆದರೆ ಅಂಚಿನಲ್ಲಿ ಬಾಗಿ ಬಂದ ಬೆಳಕು ಈ ತಟ್ಟೆಯನ್ನು ತಪ್ಪಿಸಿಕೊಂಡು ಮುಂದೆ ಸಾಗುತ್ತದೆ. ಅದಕ್ಕಾಗಿ ತಟ್ಟೆಯ ಹಿಂದೆ ಇನ್ನೊಂದು ಮಸೂರವನ್ನು ಇಟ್ಟು, ಮೊದಲ ಮಸೂರದ ಬಿಂಬವನ್ನೇ ಮೂಡಿಸಿದರು. ಆಗ ಆ ಕಳ್ಳ ಬೆಳಕೆಲ್ಲವೂ ಬಿಂಬದ ಅಂಚಿನಲ್ಲಿ ಉಂಗುರದಂತೆ ಒಟ್ಟುಗೂಡಿತು. ರಂಧ್ರವಿರುವ ಫಲಕವೊಂದರಿಂದ ಆ ಉಂಗುರವನ್ನು ತಡೆದರು. ನಡುವಿನ ಸ್ವಚ್ಛವಾದ ಬೆಳಕನ್ನು ಮಾತ್ರ ಮುಂದಕ್ಕೆ ಬಿಟ್ಟರು. ಉಪಕರಣದ ಜೀವಾಳವೇ ಈ ಫಲಕ. ಅದಕ್ಕೆ ಇಂದಿಗೂ ಲಿಯೋ ತಡೆ ಎಂದೇ ಹೆಸರು.

ಕರೋನಾಗ್ರಾಫ್ ಎಂಬ ಈ ಉಪಕರಣವನ್ನು ಅವರು ಪಿರೆನೀಸ್ ಪರ್ವತಶ್ರೇಣಿಯ ಪಿಕ್ ದ್ಯು ಮಿದಿ ಶಿಖರಕ್ಕೆ ಒಯ್ದರು. ಅದರ ಎತ್ತರ 2,870 ಮೀಟರಿಗೂ ಹೆಚ್ಚು. ಅಂದು ಅಲ್ಲಿಗೆ ತೂಗುಯಂತ್ರದ ಸೌಕರ್ಯವಿರಲಿಲ್ಲ. ಲಿಯೋ ಅವರಿಗೆ ಪರ್ವತಾರೋಹಣದ ಅಭ್ಯಾಸವಿದ್ದುದು ಒಳ್ಳೆಯದೇ ಆಯಿತು. 1930ರಲ್ಲಿ, ಗ್ರಹಣವಿಲ್ಲದ ಹಗಲಿನಲ್ಲಿ, ಕರೋನಾದ ಬೆಳಕು ಮೊದಲ ಬಾರಿಗೆ ಮಾನವನಿಗೆ ಗೋಚರಿಸಿತು. ಮರುವರ್ಷ ಅದರ ಛಾಯಾಚಿತ್ರಗಳೂ ಸಿದ್ಧವಾದವು. ಸೂರ್ಯನ ಅಂಚಿನಿಂದ ನಾಲಗೆಯಂತೆ ಚಾಚುವ ಜ್ವಾಲೆಗಳನ್ನು ಅವರು ಚಲನಚಿತ್ರದಲ್ಲಿಯೂ ಸೆರೆಹಿಡಿದರು. ಒಂದೇ ಬಣ್ಣದ ಬೆಳಕನ್ನು ಸೋಸಿ ಕೊಡುವ ಸ್ಫಟಿಕದ ಸೋಸುಕವೊಂದನ್ನು ರಚಿಸಿದರು. 1939ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ಇಂಗ್ಲೆಂಡಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಸುವರ್ಣಪದಕವೂ ಅವರಿಗೆ ದೊರೆತವು.

ಆದರೂ ಕರೋನಾಗ್ರಾಫ್ ತೋರಿಸುತ್ತಿದ್ದುದು ಕರೋನಾದ ಒಳಭಾಗವನ್ನು ಮಾತ್ರ. ಹೊರಭಾಗಕ್ಕೆ ಗ್ರಹಣವೇ ಬೇಕಾಗಿತ್ತು. ಆದುದರಿಂದ 1952ರ ಫೆಬ್ರವರಿ 25ರ ಪೂರ್ಣಗ್ರಹಣವನ್ನು ವೀಕ್ಷಿಸಲು ಲಿಯೋ ಸೂಡಾನ್ ದೇಶಕ್ಕೆ ತೆರಳಿದರು. ಹಿಂದಿರುಗುವಾಗ, ಏಪ್ರಿಲ್ 2ರಂದು, ಈಜಿಪ್ಟಿನಲ್ಲಿ ರೈಲು ಪ್ರಯಾಣದ ನಡುವೆ ಹೃದಯಾಘಾತದಿಂದ ನಿಧನರಾದರು. ಆಗ ಅವರ ವಯಸ್ಸು ಐವತ್ತೈದು. ಗ್ರಹಣದ ಹಂಗಿನಿಂದ ವಿಜ್ಞಾನಿಗಳನ್ನು ಬಿಡಿಸಿದವರು ಗ್ರಹಣಯಾತ್ರೆಯಲ್ಲಿಯೇ ಮಡಿದದ್ದು ವಿಧಿಯ ವಿಚಿತ್ರ.

ಅವರ ಉಪಕರಣ ಮಾತ್ರ ಸೂರ್ಯನಲ್ಲಿಗೇ ನಿಲ್ಲಲಿಲ್ಲ. ಬೇರೆ ನಕ್ಷತ್ರಗಳ ಗ್ರಹಗಳನ್ನು ನೇರವಾಗಿ ನೋಡುವುದಕ್ಕೂ ಅಡ್ಡಿಯಾಗಿರುವುದು ಇದೇ ಕಣ್ಣುಕುಕ್ಕುವ ಬೆಳಕು. 1984ರಲ್ಲಿ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಚಿಲಿ ದೇಶದಲ್ಲಿ ಕರೋನಾಗ್ರಾಫಿನಿಂದ ಬೀಟಾ ಪಿಕ್ಟೋರಿಸ್ ಎಂಬ ನಕ್ಷತ್ರವನ್ನು ಮರೆಮಾಡಿದಾಗ, ಅದರ ಸುತ್ತ ಧೂಳಿನ ವಿಶಾಲವಾದ ತಟ್ಟೆಯೊಂದು ಕಂಡಿತು. ಅದರೊಳಗೆ ದೈತ್ಯಗ್ರಹವೊಂದು ಇರುವುದನ್ನು ತೋರಿಸುವ ಚಿತ್ರ 2008ರಲ್ಲಿ ಪ್ರಕಟವಾಯಿತು. ಹೀಗೆ ಚಿತ್ರಕ್ಕೆ ಸಿಕ್ಕಿದ ಗ್ರಹಗಳಲ್ಲಿ ಹೆಚ್ಚಿನವು ಇನ್ನೂ ಕಾವು ಆರದ ಎಳೆಯ ದೈತ್ಯಗಳು. ನಮ್ಮ ಭೂಮಿಯಂತೆ ನೀರೂ ಜೀವವೂ ನೆಲೆಸಬಹುದಾದ ಗ್ರಹದ ವಿಷಯ ಬೇರೆ. ಸೂರ್ಯನ ಮುಂದೆ ಭೂಮಿಯ ಕಾಂತಿ ಸುಮಾರು ಸಾವಿರ ಕೋಟಿಯಲ್ಲೊಂದು ಪಾಲು. ಸೂರ್ಯನಂತಹ ನಕ್ಷತ್ರದ ಬಳಿ ಇರುವ ಅಂತಹ ಗ್ರಹದ ಚಿತ್ರ ಇನ್ನೂ ಯಾರಿಗೂ ದೊರೆತಿಲ್ಲ.

ಭಾರತವು 2023ರಲ್ಲಿ ಉಡಾಯಿಸಿದ ಆದಿತ್ಯ-ಎಲ್1 ನೌಕೆಯಲ್ಲಿಯೂ ಕರೋನಾಗ್ರಾಫ್ ಇದೆ. ಸೂರ್ಯನ ಕರೋನಾವನ್ನು ನೋಡುವ ಈ ಉಪಕರಣವನ್ನು ನಿರ್ಮಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ದೂರದ ಗ್ರಹಗಳಿಗಾಗಿ ಅಮೆರಿಕದ ನಾಸಾ ಸಂಸ್ಥೆಯು ರೋಮನ್ ಬಾಹ್ಯಾಕಾಶ ದೂರದರ್ಶಕದಲ್ಲಿ ಹೊಸ ಬಗೆಯ ಕರೋನಾಗ್ರಾಫನ್ನು ಅಳವಡಿಸಿದೆ. ತನ್ನ ಆಕಾರವನ್ನು ಕೂದಲೆಳೆಗಿಂತಲೂ ಎಷ್ಟೋ ಪಾಲು ಸೂಕ್ಷ್ಮವಾಗಿ ತಿದ್ದಿಕೊಳ್ಳುವ ಕನ್ನಡಿಗಳು ಅದರಲ್ಲಿವೆ. ಆ ಕನ್ನಡಿಗಳನ್ನು ದಾಟಿ ಬರುವ ಬೆಳಕಿನ ಹಾದಿಯಲ್ಲಿ, ಮರೆಮಾಡುವ ಫಲಕದ ಹಿಂದೆ, ಲಿಯೋ ತಡೆಯೂ ಇದೆ.