ವಯಸ್ಸು ಮೀರಿತು ಎಂದಾಗ

ಕವಾಸೆ ಹಸುಯಿ 1883ರಲ್ಲಿ ಟೋಕಿಯೊದ ಶಿಬಾದಲ್ಲಿ ಹುಟ್ಟಿದರು. ಮನೆಯ ವ್ಯಾಪಾರ ನೋಡಿಕೊಳ್ಳುತ್ತಿದ್ದ ಅವರು ಇಪ್ಪತ್ತೈದರ ಹೊತ್ತಿಗೆ ಚಿತ್ರಕಲೆ ಕಲಿಯಲು ಹೋದಾಗ, ಕಲಾವಿದ ಕಿಯೊಕಾಟಾ ವಯಸ್ಸು ಮೀರಿತೆಂದು ವಾಪಸ್ ಕಳಿಸಿದರು. ಬೇರೆಡೆ ಕಲಿತು ಮತ್ತೆ ಅದೇ ಬಾಗಿಲು ತಟ್ಟಿ ಶಿಷ್ಯರಾದರು. 1923ರ ಭೂಕಂಪದಲ್ಲಿ ಮನೆ, ರೇಖಾಚಿತ್ರಗಳ ಪುಸ್ತಕಗಳು ಎಲ್ಲವೂ ಸುಟ್ಟುಹೋದವು. ಹಸುಯಿ ಮತ್ತೆ ಊರೂರು ಸುತ್ತಿ ಚಿತ್ರ ಬರೆದರು.

1925ರಲ್ಲಿ ಬಂತು ‘ಶಿಬಾದ ಜೊಜೊಜಿ’ ಎಂಬ ಮರದ ಅಚ್ಚಿನ ಚಿತ್ರ: ದೇಗುಲದ ಕೆಂಪು ಹೆಬ್ಬಾಗಿಲ ಮುಂದೆ, ಓರೆಯಾಗಿ ಬೀಸುವ ಹಿಮಕ್ಕೆ ಕೊಡೆ ಬಾಗಿಸಿಕೊಂಡ ಒಬ್ಬ ಹೆಂಗಸು. ಮರದ ಅಚ್ಚಿನಲ್ಲಿ ಹಿಮದ ಬಿಳುಪು ಸಾಮಾನ್ಯವಾಗಿ ಬಳಿದ ಬಣ್ಣವಲ್ಲ. ಹಲಗೆಯಿಂದ ಕೆತ್ತಿ ತೆಗೆದಲ್ಲಿ ಉಳಿದ ಬರಿ ಕಾಗದ. ಕಳೆದುಕೊಂಡ ಜಾಗವೇ ಬೆಳಕು!

ಹಸುಯಿ 1957ರಲ್ಲಿ ತೀರಿಕೊಂಡರು. ಅರ್ಜಿಯಲ್ಲಿ ವಯೋಮಿತಿ ಕಂಡು ಕುಗ್ಗಿದಾಗಲೆಲ್ಲ ನಾನು ಈ ಚಿತ್ರ ನೋಡುತ್ತೇನೆ. ಅವಳಿನ್ನೂ ನಡೆಯುತ್ತಲೇ ಇದ್ದಾಳೆ.