ಸೇವಾದಳದ ಡಾಕ್ಟರರು

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಕಡೆಯಿಂದ ಕಾಲೇಜಿಗೆ ಬರುವ ಹುಡುಗರಲ್ಲಿ ಡಾಕ್ಟರನೂ ಆಗಬೇಕು, ಸೈನ್ಯವನ್ನೂ ಸೇರಬೇಕು ಎಂಬ ಎರಡು ಆಸೆಗಳನ್ನು ಒಟ್ಟಿಗೆ ಹೊತ್ತವರನ್ನು ನಾನು ಕಂಡಿದ್ದೇನೆ. ಪುಣೆಯ ಸಶಸ್ತ್ರಪಡೆಗಳ ವೈದ್ಯಕೀಯ ಕಾಲೇಜಿನ ಸಂದರ್ಶನದಲ್ಲಿ ಎರಡನೆಯ ಆಸೆಯನ್ನು ಮುಚ್ಚಿಡುವಂತಿಲ್ಲ; ಮನೆಯಲ್ಲಿ ಹೇಳಿದರೆ ಮಾತ್ರ, ನಾಡಿ ಹಿಡಿಯುವವನಿಗೆ ಕವಾಯತು ಏಕೆಂದು ಹಿರಿಯರು ಕೇಳುತ್ತಾರೆ. ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ನೆನಪಾಗುವವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು. ಕರ್ನಾಟಕದ ಗಾಂಧಿಯೆನಿಸಿದ ಹರ್ಡೇಕರ ಮಂಜಪ್ಪನವರೊಡನೆ ಇವರನ್ನು ಬೆರೆಸಿ ಮಾತನಾಡುವವರು ಈಗಲೂ ಉಂಟು. ಹೆಸರಿನ ಸಾಮ್ಯ ಅಷ್ಟೆ. ಇಬ್ಬರೂ ಬೇರೆ ಬೇರೆ.

ಹರ್ಡೀಕರರು ಧಾರವಾಡದಲ್ಲಿ 1889ರ ಮೇ 7ರಂದು ಜನಿಸಿದರು. ಅವರಿನ್ನೂ ಬಾಲಕರಾಗಿದ್ದಾಗಲೇ, 1898ರ ಸುಮಾರಿಗೆ, ಹುಬ್ಬಳ್ಳಿ ಧಾರವಾಡಗಳ ಸೀಮೆಯನ್ನು ಪ್ಲೇಗು ಹಣ್ಣುಮಾಡಿತು. ಕಲಕತ್ತೆಯಲ್ಲಿ ವೈದ್ಯಕ ಕಲಿತ ಅವರು ಮುಂದೆ ಅಮೇರಿಕೆಗೆ ಹೋಗಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅಭ್ಯಾಸಕ್ಕೆ ಆರಿಸಿಕೊಂಡದ್ದು ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು. ಈ ಆಯ್ಕೆಯಲ್ಲಿಯೇ ಅವರ ಮುಂದಿನ ಬಾಳಿನ ಬೀಜವಿದೆಯೆಂದು ನನಗೆ ತೋರುತ್ತದೆ. ಒಬ್ಬ ರೋಗಿಯನ್ನು ಒಬ್ಬ ವೈದ್ಯ ಗುಣಪಡಿಸಿಯಾನು. ಊರಿಗೆ ಊರೇ ಬೇನೆ ಬಿದ್ದಾಗ ನೂರು ಜನ ಒಂದು ಮಾತಿಗೆ ಎದ್ದು ಒಂದು ಕ್ರಮದಲ್ಲಿ ದುಡಿಯಬೇಕು. ಆ ನೂರು ಜನರನ್ನು ಸಿದ್ಧಪಡಿಸುವವರಾರು?

ನ್ಯೂಯಾರ್ಕಿನಲ್ಲಿ ಲಾಲಾ ಲಜಪತರಾಯರ ಸಹವಾಸ ದೊರೆತು, 1917ರಲ್ಲಿ ಸ್ಥಾಪನೆಯಾದ ಅಮೇರಿಕೆಯ ಇಂಡಿಯಾ ಹೋಮ್ ರೂಲ್ ಲೀಗಿನ ಕಾರ್ಯದಲ್ಲಿ ಅವರು ಲಾಲಾಜಿಯವರ ಬಲಗೈಯಾದರು. 1921ರಲ್ಲಿ ತಾಯ್ನಾಡಿಗೆ ಮರಳಿದಾಗ, ವಿಲಾಯತಿ ಪದವಿಯ ಡಾಕ್ಟರರಿಗೆ ಹುಬ್ಬಳ್ಳಿಯಂಥ ವ್ಯಾಪಾರದ ಪೇಟೆಯಲ್ಲಿ ಹಣಕ್ಕೆ ಕೊರತೆಯಿರಲಿಲ್ಲ. ಆದರೆ ಅವರು ಅಲ್ಲಿ ಕಟ್ಟಿದ್ದು ಸೇವಾ ಮಂಡಳವನ್ನು.

1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹ ನಡೆಯಿತು. ಸೆರೆಮನೆಯ ಕಷ್ಟಕ್ಕೆ ಬೇಸತ್ತು ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡದವರು ಬರೆದುಕೊಡಲಿಲ್ಲ. ರಾಷ್ಟ್ರನಾಯಕರ ಕಣ್ಣು ಇತ್ತ ಹರಿದದ್ದು ಆಗ. ಅದೇ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ಸಿನ ವೇಳೆಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ ನೆಹರೂ ಅವರು ಅದರ ಮೊದಲ ಅಧ್ಯಕ್ಷರಾದರು.

ವಿರೋಧವೂ ಅಲ್ಲಿಯೇ ಹುಟ್ಟಿತು. ಸಮವಸ್ತ್ರ, ಸಾಲು, ಹೆಜ್ಜೆ, ಆಜ್ಞೆ — ಇವೆಲ್ಲ ದಂಡಿನ ಲಕ್ಷಣಗಳು. ಅಹಿಂಸೆಯ ವ್ರತ ತೊಟ್ಟ ಸಂಸ್ಥೆಗೆ ಇವು ಏಕೆಂದು ಕಾಂಗ್ರೆಸ್ಸಿನೊಳಗೇ ಹಲವರು ಕೇಳಿದರು. ಆಯುಧವಿಲ್ಲದ ಸೈನಿಕನಿಗೆ ಶಿಸ್ತು ಇನ್ನೂ ಹೆಚ್ಚು ಬೇಕೆಂಬುದು ಹರ್ಡೀಕರರ ನಿಲುವು. ಆಕ್ಷೇಪಿಸಿದವರ ಅಂಜಿಕೆ ಬರಿಯ ಭ್ರಮೆಯೆಂದು ನಾನು ಹೇಳಲಾರೆ. ಕವಾಯತು ಒಂದು ಪಾತ್ರೆ. ಅದರಲ್ಲಿ ಏನನ್ನೂ ತುಂಬಬಹುದು. ಕಲಕತ್ತೆಯಲ್ಲಿಯೇ ವೈದ್ಯಕ ಕಲಿತ ಇನ್ನೊಬ್ಬರು, ಡಾ. ಕೇಶವ ಬಲಿರಾಮ ಹೆಡಗೇವಾರರು, 1925ರಲ್ಲಿ ನಾಗಪುರದಲ್ಲಿ ಬೇರೆಯೇ ಗುರಿಯ ಸಂಘವೊಂದನ್ನು ಕಟ್ಟಿದರು. ಅಲ್ಲಿಯೂ ಕವಾಯತಿತ್ತು.

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಅಧಿವೇಶನ ಕೂಡಿದಾಗ, ದೇಶದ ಮೂಲೆಮೂಲೆಗಳಿಂದ ಬಂದ ಜನಸಾಗರವನ್ನು ಸೇವಾದಳದವರು ನಿರ್ವಹಿಸಿದ ಬಗೆ ವಾದಕ್ಕೆ ಸಿಕ್ಕ ಒಳ್ಳೆಯ ಉತ್ತರವೆನ್ನಬೇಕು. ಹುಬ್ಬಳ್ಳಿ ದಳದ ಕೇಂದ್ರವಾಯಿತು. ಉಮಾಬಾಯಿ ಕುಂದಾಪುರ ಅವರ ನೇತೃತ್ವದಲ್ಲಿ ಹೆಣ್ಣುಮಕ್ಕಳೂ ಸಾಲಿನಲ್ಲಿ ನಿಂತರು. ಆಗ ನವಲಗುಂದ, ಕಲಘಟಗಿಗಳು ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿ, ಕುಂದಗೋಳವು ಜಮಖಂಡಿ ಸಂಸ್ಥಾನದಲ್ಲಿ ಹರಿದು ಹಂಚಿಹೋಗಿದ್ದ ಕಾಲ. ಅಂಥ ನಾಡಿನಿಂದ ಅಖಿಲ ಭಾರತದ ಸಂಸ್ಥೆಯೊಂದು ನಡೆಯಿತೆಂಬುದು ಸಾಮಾನ್ಯ ಮಾತಲ್ಲ.

1931ರಲ್ಲಿ ಕಾಂಗ್ರೆಸ್ಸು ದಳವನ್ನು ತನ್ನ ಅಂಗವಾಗಿ ಸ್ವೀಕರಿಸಿತು. ಮರುವರ್ಷವೇ ಸರಕಾರ ಅದನ್ನು ನಿಷೇಧಿಸಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆದರೂ ಸೇವಾದಳದ ಮೇಲಿನದು ಹಾಗೆಯೇ ಉಳಿಯಿತು. ನಿರಾಯುಧರ ಕವಾಯತಿಗೆ ಸರಕಾರ ಎಷ್ಟು ಅಂಜಿತ್ತೆಂಬುದು ಇದರಿಂದಲೇ ವಿದಿತ.

ಸ್ವಾತಂತ್ರ್ಯಾನಂತರ 1952ರಿಂದ 1962ರ ವರೆಗೆ ರಾಜ್ಯಸಭೆಯ ಸದಸ್ಯತ್ವ, 1958ರಲ್ಲಿ ಪದ್ಮಭೂಷಣ — ಇವು ಬಂದವು. ಅವರ ಕುರಿತು ಆಡುವವರು ದೇಶಭಕ್ತರನ್ನು, ಶಿಸ್ತಿನ ಸಂಘಟಕರನ್ನು ಹೊಗಳುತ್ತಾರೆ, ಡಾಕ್ಟರರನ್ನು ಮರೆಯುತ್ತಾರೆ. ಅವರು ಮಾತ್ರ ಮರೆತಿರಲಿಲ್ಲ. ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದೊಡನೆ ಅವರ ನಂಟು ಬಹುಕಾಲದ್ದು. 1975ರ ಆಗಸ್ಟ್ 26ರಂದು ಅವರು ಕಾಲವಾದರು. ಹುಟ್ಟಿದ ನೂರನೆಯ ವರ್ಷವಾದ 1989ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಚೀಟಿಯನ್ನು ಹೊರಡಿಸಿತು.