ಬಡಗಿಯ ಮಗ ಸಿಡ್ನಿ ಕ್ಯಾಮ್

1893ರ ಆಗಸ್ಟ್ 5ರಂದು ಇಂಗ್ಲೆಂಡಿನ ವಿಂಡ್ಸರ್ ಪಟ್ಟಣದ ಬಡಗಿಯೊಬ್ಬನ ಮನೆಯಲ್ಲಿ ಚೊಚ್ಚಲು ಗಂಡುಮಗು ಹುಟ್ಟಿತು. ಅದರ ಬೆನ್ನಿಗೆ ಹನ್ನೊಂದು ಮಕ್ಕಳು ಬಂದರು. ಅಷ್ಟು ಬಾಯಿಗಳಿದ್ದ ಸಂಸಾರದಲ್ಲಿ ಹಿರಿಯ ಮಗನಿಗೆ ವಿದ್ಯೆ ಎಷ್ಟು ದೊರೆತೀತು? ಹದಿನೈದರ ಸುಮಾರಿಗೆ ಸಿಡ್ನಿ ಕ್ಯಾಮ್ ಶಾಲೆ ಬಿಟ್ಟು ಉಳಿ ಹಿಡಿದ.

ಅಣ್ಣತಮ್ಮಂದಿರು ಮಾದರಿ ವಿಮಾನಗಳನ್ನು ಮಾಡಿ ಈಟನ್ನಿನ ಅಂಗಡಿಯೊಂದಕ್ಕೆ ಒಪ್ಪಿಸುತ್ತಿದ್ದರು. ಈಟನ್ ಶಾಲೆಯ ಹುಡುಗರಿಗೇ ನೇರವಾಗಿ ಮಾರಿದರೆ ಲಾಭ ಹೆಚ್ಚೆಂದು ತಿಳಿದದ್ದೇ ತಡ, ಇರುಳಿನಲ್ಲಿ ವಸತಿಗೃಹದ ಕಿಟಕಿಯಿಂದ ಇಳಿಬಿಟ್ಟ ದಾರಕ್ಕೆ ಸರಕನ್ನು ಕಟ್ಟಿ ಕಳುಹಿಸುವ ಗುಟ್ಟಿನ ವ್ಯಾಪಾರ ಆರಂಭವಾಯಿತು. ಮೇಲೆ ಕಿಟಕಿಯಲ್ಲಿ ಸಿರಿವಂತರ ಮಕ್ಕಳು. ಕೆಳಗೆ ಕತ್ತಲಲ್ಲಿ ಬಡಗಿಯ ಮಕ್ಕಳು. ಕ್ಯಾಮನ ಜೀವನದಲ್ಲಿ ನನ್ನ ಮನಸ್ಸಿಗೆ ಹತ್ತಿದ ಚಿತ್ರ ಇದೇ.

ಮೊದಲ ಮಹಾಯುದ್ಧದ ವೇಳೆಗೆ ಆತ ಮಾರ್ಟಿನ್‌ಸೈಡ್ ವಿಮಾನ ಕಾರ್ಖಾನೆಯಲ್ಲಿ ಬಡಗಿ; 1923ರಲ್ಲಿ ಹಾಕರ್ ಸಂಸ್ಥೆಯ ನಕ್ಷೆಗಾರ; ಎರಡೇ ವರ್ಷದಲ್ಲಿ ಅಲ್ಲಿಯ ಮುಖ್ಯ ವಿನ್ಯಾಸಕಾರ. 1935ರಲ್ಲಿ ಹಾರಿದ ಹರಿಕೇನ್ ಆತನ ಕೃತಿ. ಲೋಹದ ಕೊಳವೆಗಳ ಹಂದರಕ್ಕೆ ಬಟ್ಟೆ ಹೊದಿಸುವ ಹಳೆಯ ಪದ್ಧತಿಯನ್ನು ಅದರಲ್ಲಿ ಆತ ಪೂರ್ತಿ ಕೈಬಿಡಲಿಲ್ಲ. ಅದರಿಂದಲೇ ಅದನ್ನು ಬೇಗ ಕಟ್ಟಲೂ ಬೇಗ ದುರಸ್ತಿ ಮಾಡಲೂ ಆಯಿತು. 1940ರ ಬ್ರಿಟನ್ ಕದನದಲ್ಲಿ ಹರಿಕೇನ್ ಉರುಳಿಸಿದ ವಿಮಾನಗಳೇ ಹೆಚ್ಚು, ಕೀರ್ತಿ ಮಾತ್ರ ಸ್ಪಿಟ್‌ಫೈರಿನ ಪಾಲಾಯಿತು.

ಆತನ ನಾಲಗೆ ಹರಿತವಾದುದು. ಕಿರಿಯ ನಕ್ಷೆಗಾರರು ಆತನ ಹೆಜ್ಜೆಸದ್ದಿಗೆ ಅಂಜುತ್ತಿದ್ದರು. ಆದರೆ ಹಳಬನೆನಿಸಿಕೊಂಡ ಈ ಮನುಷ್ಯ ಜೆಟ್ ಯುಗದಲ್ಲಿ ಮಾಡಿದ್ದೇನು? ಜೆಟ್ಟಿನ ಬಿಸಿಯುಸಿರನ್ನು ಬಾಲದ ತುದಿಗೆ ಒಯ್ಯುವ ನಾಳ ಉದ್ದವಾದಷ್ಟೂ ಬಲ ಸೋರುತ್ತದೆ. ಇಂಧನದ ತಾವೂ ಹೋಗುತ್ತದೆ. ಕ್ಯಾಮ್ ಆ ಉಸಿರನ್ನು ಇಬ್ಭಾಗಿಸಿ ರೆಕ್ಕೆಯ ಬುಡದಲ್ಲಿ ಎರಡು ಪಕ್ಕಗಳಿಂದ ಹೊರಬಿಟ್ಟ. ಹಿಂದಿನ ಒಡಲು ಇಂಧನಕ್ಕೆ ತೆರವಾಯಿತು. ಕಡಲ ಮೇಲೆ ಹಾರುವವನಿಗೆ ಇಂಧನವೆಂದರೆ ಹಡಗನ್ನು ಮರಳಿ ಕಾಣುವ ಭರವಸೆಯಲ್ಲವೆ! ವಾಯುಪಡೆ ಆಸಕ್ತಿ ತೋರಲಿಲ್ಲ, ನೌಕಾಪಡೆ ಒಪ್ಪಿತು. 1947ರ ಸೆಪ್ಟೆಂಬರ್ 2ರಂದು ಮೊದಲ ಮಾದರಿ ಹಾರಿ, 1953ರಲ್ಲಿ ಸೀ ಹಾಕ್ ಎಂಬ ಹೆಸರಿನಿಂದ ಸೇವೆಗೆ ಬಂದಿತು. ಅದೇ ವರ್ಷ ಕ್ಯಾಮನಿಗೆ ಸರ್ ಪದವಿ. ಅಮೆರಿಕ, ರಷ್ಯಗಳು ಹಿಂಬಾಗಿದ ರೆಕ್ಕೆಗೆ ತಿರುಗಿದ್ದಾಗ ಸೀ ಹಾಕಿಗೆ ನೇರ ರೆಕ್ಕೆಯೇ ಉಳಿದದ್ದು ವೇಗದ ದೃಷ್ಟಿಯಿಂದ ಕೊರತೆಯೇ ಸರಿ. ಆದರೆ ಹಡಗಿನ ಕಿರಿದಾದ ಅಟ್ಟದ ಮೇಲೆ ನಿಧಾನವಾಗಿ ಇಳಿಯಬೇಕಾದವನಿಗೆ ಅದು ಉಪಕಾರವಾಯಿತು.

1966ರ ಮಾರ್ಚ್ 12ರಂದು ರಿಚ್ಮಂಡಿನಲ್ಲಿ ಗಾಲ್ಫ್ ಆಡುತ್ತಿದ್ದಾಗ ಕ್ಯಾಮ್ ತೀರಿಕೊಂಡ. 1971ರ ಡಿಸೆಂಬರ್ 4ರಂದು ನಮ್ಮ ವಿಕ್ರಾಂತದ ಅಟ್ಟದಿಂದ ಎದ್ದ ಸೀ ಹಾಕ್‌ಗಳು ಕಾಕ್ಸ್ ಬಜಾರಿನ ಮೇಲೆ ಎರಗಿದಾಗ ಆತನಿರಲಿಲ್ಲ. ಅವು ಮುದಿಯಾದ ಮೇಲೆ ಅವುಗಳ ಸ್ಥಾನಕ್ಕೆ 1983ರಲ್ಲಿ ಬಂದ ಸೀ ಹ್ಯಾರಿಯರ್‌ನ ಮೂಲವಿನ್ಯಾಸ ಮೈದಳೆದದ್ದೂ ಆ ಬಡಗಿಯ ಮಗನ ನಕ್ಷಾಶಾಲೆಯಲ್ಲೇ.